ಗೊತ್ತಿದ್ದೂ ಒಳಬಿಟ್ಟ ಪತ್ರ

ಆ ಪತ್ರ ಸುಳ್ಳೆಂದು ಮೂಲದರ್ಶಿ ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತಿಸಿತು. ಆಮೇಲೆ ಅದನ್ನು ಒಳಗೆ ಬಿಟ್ಟಿತು.

ಹಾಗೆ ಮಾಡೆಂದೇ ಅದಕ್ಕೆ ಹೇಳಿಡಲಾಗಿತ್ತು.

ಮೂಲದರ್ಶಿ 2061ರಲ್ಲಿ ಡಾ. ನೀಲಾಂಬಿಕಾ ಸವಣೂರ ಕಂಡುಹಿಡಿದ ಯಂತ್ರ. ಇಮೇಲಿನ ಮೇಲಿರುವ ಹೆಸರನ್ನು ಅದು ನಂಬುವುದಿಲ್ಲ. ಪತ್ರ ನಿಜವಾಗಿ ಎಲ್ಲಿ ಹುಟ್ಟಿತು, ಆ ಹೆಸರಿನಲ್ಲಿ ಕಳಿಸಲು ಆ ಕಂಪ್ಯೂಟರಿಗೆ ಒಪ್ಪಿಗೆ ಇದೆಯೇ ಎಂದು ನೋಡುತ್ತದೆ. ಒಪ್ಪಿಗೆ ಇಲ್ಲದ್ದನ್ನು ಏನು ಮಾಡಬೇಕೆಂಬುದನ್ನು ಮಾತ್ರ ಸಂಸ್ಥೆಯೇ ಹೇಳಬೇಕು: ಗಮನಿಸು, ಬದಿಗಿಡು, ತಿರಸ್ಕರಿಸು. ತುಂಗಾತೀರ ಜಲನಿಗಮ ಮೊದಲನೆಯದನ್ನು ಆರಿಸಿಕೊಂಡಿತ್ತು: ಕಚೇರಿಗೆ ತಿಳಿಸಿ, ಪತ್ರವನ್ನು ಒಳಬಿಡುವುದು.

ಪತ್ರ ನಿಗಮದ ಅಧ್ಯಕ್ಷ ವಿರೂಪಾಕ್ಷ ಮುದಗಲ್ಲರ ಹೆಸರಿನಲ್ಲಿತ್ತು. ಕ್ಲೋರಿನ್ ಘಟಕದ ಪಾಸ್‌ವರ್ಡ್ ಕೂಡಲೇ ಬದಲಿಸಬೇಕು, ಇಲ್ಲಿ ಒತ್ತಿ ಹಳೆಯದನ್ನು ತುಂಬಿ ಎಂದಿತ್ತು. ಘಟಕದ ಆಪರೇಟರ್ ಇರ್ಫಾನ್ ತುಂಬಿದ. ಸಾಹೇಬರ ಪತ್ರಕ್ಕೆ ಮರುಪ್ರಶ್ನೆ ಹಾಕುವ ಪದ್ಧತಿ ನಿಗಮದಲ್ಲಿರಲಿಲ್ಲ. ಮಧ್ಯಾಹ್ನ, ಎಲ್ಲೋ ಕುಳಿತವರು ಆ ಪಾಸ್‌ವರ್ಡ್ ಬಳಸಿ ಕ್ಲೋರಿನ್ ಅನಿಲದ ವಾಲ್ವ್‌ಗಳನ್ನು ತೆರೆದರು. ಇರ್ಫಾನ್ ಒಳಗಿದ್ದ; ಬದುಕಿ ಹೊರಬರಲಿಲ್ಲ.

ಯಂತ್ರ ಕೊಟ್ಟವರಾಗಿ ತನಿಖಾ ವರದಿಗೆ ಸಹಿ ಹಾಕಲು ನೀಲಾಂಬಿಕಾ ಬಂದಾಗ, ಅಧ್ಯಕ್ಷರ ಕೋಣೆಯಲ್ಲಿ ಇರ್ಫಾನನ ಹೆಂಡತಿ ತಬಸ್ಸುಮ್ ನಿಂತಿದ್ದಳು. ಕುರ್ಚಿಗಳು ಖಾಲಿ ಇದ್ದವು.

"ನಿಮ್ಮ ಯಂತ್ರದ ತಪ್ಪಿಲ್ಲಂತ ಬರದೀವ್ರಿ ಮೇಡಂ," ಎಂದರು ಮುದಗಲ್. "ನೌಕರನ ಅಜಾಗರೂಕತೆ, ಅಷ್ಟ."

"ತಿರಸ್ಕರಿಸು ಅಂತ ಇಟ್ಟು ಹೋಗಿದ್ದೆನ್ರಿ. ಬದಲ ಮಾಡಿದವರು ಯಾರು?"

"ಯುಗಾದಿಗೆ ನನ್ನ ಶುಭಾಶಯ ಒಂದೂ ಮುಟ್ಟಲಿಲ್ರಿ! ನನ್ನ ಹೆಸರಿನಾಗ ಅವನ್ನ ಕಳಸೋ ಕಂಪನಿ ಬ್ಯಾರೆ. ನಿಮ್ಮ ಯಂತ್ರ ಎಲ್ಲಾ ವಾಪಸ್ ಒಗೀತು. ಮಂತ್ರಿಗಳು, 'ಏನಪಾ ಮುದಗಲ್, ಈ ವರ್ಷ ನಮ್ಮನ್ನ ಮರತಿ?' ಅಂದ್ರು. ಮರ್ಯಾದಿ ಏನಾಗಬೇಕು?"

"ಒಪ್ಪಿಗೆ ಇದ್ದವರ ಜೋಡಿ ಆ ಕಂಪನಿನೂ ಸೇರಿಸಿದ್ರ ಮುಗೀತಿತ್ತು. ಚಹಾ ಕುಡಿಯೋಷ್ಟು ಹೊತ್ತಿನ ಕೆಲಸ."

"ಅದಕ್ಕ ಯಾರ್ಯಾರಿಗೋ ಹೇಳಬೇಕಲ್ರಿ. 'ಗಮನಿಸು' ಅಂತ ಬದಲ ಮಾಡಿಸೋದು ಸಲೀಸಾತು."

ತಬಸ್ಸುಮ್ ಮೊದಲ ಸಲ ಬಾಯಿ ತೆರೆದಳು. "ಅದು ಸುಳ್ಳಂತ ಯಂತ್ರಕ್ಕ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ," ಎಂದರು ನೀಲಾಂಬಿಕಾ.

"ಆಫೀಸಿಗೆ?"

"ಬಂದ ಕೂಡಲೇ ತಿಳಿಸೇತಿ. ಯಾರೂ ತೆರೆದು ನೋಡಿಲ್ಲ."

"ಅಂದ್ರ ಗೊತ್ತಿಲ್ಲದಾವ ನನ್ನ ಗಂಡ ಒಬ್ಬನ. ತಪ್ಪೂ ಅವಂದ ಅಂತ ಬರದೀರಿ."

ಮುದಗಲ್ ದನಿ ತಗ್ಗಿಸಿದರು. "ನೋಡವಾ, ನಿನಗಿಲ್ಲೇ ಒಂದು ನೌಕರಿ ಕೊಡಸ್ತೀನಿ..."

"ಎಂಥಾ ನೌಕರಿ ಸಾಹೇಬ್ರ? ನಿಮ್ಮ ಪತ್ರ ಓದಾದಾ?"

ನೀಲಾಂಬಿಕಾ 'ನೌಕರನ ಅಜಾಗರೂಕತೆ' ಎಂಬುದನ್ನು ಹೊಡೆದುಹಾಕಿದರು. ಮೇಲೆ 'ಸಂಸ್ಥೆಗೆ ತಿಳಿಸಲಾಗಿತ್ತು' ಎಂದು ಬರೆದು ಸಹಿ ಮಾಡಿದರು. ನಿಗಮ ಯಂತ್ರವನ್ನು ವಾಪಸು ಕಳಿಸುವುದಾಗಿ ಹೆದರಿಸಿತು. ಅವರು ಸಹಿಯನ್ನು ಹಿಂತೆಗೆದುಕೊಳ್ಳಲಿಲ್ಲ.

ನಾಲ್ಕು ವರ್ಷಗಳ ನಂತರ ಕಾನೂನು ಬಂತು. ಸುಳ್ಳೆಂದು ತಿಳಿದೂ ಒಳಬಿಟ್ಟ ಪತ್ರ ಆ ಸಂಸ್ಥೆಯೇ ಬರೆದ ಪತ್ರಕ್ಕೆ ಸಮ. ಅಷ್ಟರಲ್ಲಿ ಮುದಗಲ್ ಹಾರ ಹಾಕಿಸಿಕೊಂಡು ನಿವೃತ್ತರಾಗಿದ್ದರು.

ಮಸೂದೆಯ ಚರ್ಚೆಗೆ ಕರೆಸಿದ್ದಾಗ ಯುವ ಶಾಸಕನೊಬ್ಬ ನೀಲಾಂಬಿಕಾ ಅವರನ್ನು ಕೇಳಿದ: "ಹಳೆಯ ಕಾಲದವರಿಗೆ ಇಂಥ ಉಪಾಯವೇ ಇರಲಿಲ್ಲ, ಪಾಪ, ಅಲ್ಲವೇ?"

"ಇತ್ತು," ಎಂದರು ಅವರು. "ಈ ಶತಮಾನದ ಆರಂಭದಲ್ಲೇ ಇತ್ತು. ನನ್ನ ಯಂತ್ರದಷ್ಟು ಚುರುಕಲ್ಲ, ಆದರೆ ಇವೇ ಮೂರು ಆಯ್ಕೆಗಳು, ಅದೂ ಪುಕ್ಕಟೆ. ಬಹಳಷ್ಟು ಕಚೇರಿಗಳು ಮೊದಲನೆಯದನ್ನು, 'ಗಮನಿಸು' ಎಂಬುದನ್ನು, ಹಾಕಿಕೊಂಡು, ನಮಗೆ ರಕ್ಷಣೆ ಇದೆ ಎಂದು ಹೇಳಿಕೊಂಡು ತಿರುಗಿದವು."

"ಬದಲಿಸುವುದು ಅಷ್ಟು ಕಷ್ಟವಿತ್ತೇ?"

"ಕಳಿಸುವವರು ಯಾರ್ಯಾರೆಂದು ಒಮ್ಮೆ ವಿಚಾರಿಸಬೇಕಿತ್ತು. ಆಮೇಲೆ ಒಂದು ಪದ ಬದಲಿಸಬೇಕಿತ್ತು."