ದೊರೆಸಾನಿಯ ಕುತ್ತಿಗೆ

ಬೆಳಿಗ್ಗೆ ಠಾಣೆಯ ಮೇಜಿನ ಮೇಲೆ ಒಂದು ಬುಟ್ಟಿ ಬಂದು ಕೂತಿತು. ಒಳಗೆ ಬೂದುಬಣ್ಣದ ಬೆಕ್ಕು. ಹಿಂದೆ ಟೀಚರಮ್ಮ.

"ಯಾರೋ ಇದರ ಕುತ್ತಿಗೆ ತಿರುಚಿದ್ದಾರೆ. ಕೇಸು ಹಾಕು," ಎಂದರು.

ಸಬ್ ಇನ್ಸ್‌ಪೆಕ್ಟರ್ ಎದ್ದು ನಿಂತಳು. ಪುಂಡರೆಲ್ಲ ಗಡಗಡ ನಡುಗುವ ಹೆಂಗಸು. ಆದರೆ ಶಾಲೆಯಲ್ಲಿ ಭಿನ್ನರಾಶಿ ಕಲಿಸಿದ ಟೀಚರ್ ಎದುರು ಕೂತು ಮಾತಾಡುವ ಧೈರ್ಯ ಅವಳಿಗೆ ಇವತ್ತಿಗೂ ಬಂದಿಲ್ಲ.

ಬೆಕ್ಕಿನ ಹೆಸರು ದೊರೆಸಾನಿ. ನಡತೆಯೂ ಹಾಗೆಯೇ. ಇವತ್ತು ಮಾತ್ರ ಕರೆದರೆ ತಲೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ನೋಡಿತು. ಕುತ್ತಿಗೆ ಮುಟ್ಟಿದರೆ ಚೀರಿತು. ಬೆನ್ನಿನ ಕೂದಲು ಗಂಟುಗಟ್ಟಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ ಟೀಚರ್?"

"ಅನುಮಾನ ಏನು ಬಂತು, ನಮ್ಮನೆ ಕೆಳಗೆ ಬಾಡಿಗೆಗಿರೋ ಟೈಲರೇ. ಇನ್ನೊಂದು ಸಲ ಬಂದ್ರೆ ಕುತ್ತಿಗೆ ತಿರುಚ್ತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದಾನೆ. ಅಂಗಡಿ ಖಾಲಿ ಮಾಡು ಅಂದಿದ್ದೀನಿ." ಅವರ ಸ್ವರ ಕುಗ್ಗಿತು. "ನಮ್ಮ ಯಜಮಾನರು ಸಾಕಿದ ಬೆಕ್ಕು ಕಣೆ. ಇವರು ಹೋಗಿ ಎರಡು ವರ್ಷ ಆಯ್ತು. ಮನೇಲಿ ಉಳಿದಿರೋದು ಇದೊಂದೇ."

*

ಟೈಲರನ ಅಂಗಡಿ ಟೀಚರಮ್ಮನ ಮನೆಯ ಮೆಟ್ಟಿಲ ಕೆಳಗೇ ಇತ್ತು. ಪೊಲೀಸ್ ಬೂಟು ಕಂಡದ್ದೇ ಹೊಲಿಗೆ ಮಿಷನ್ ನಿಂತಿತು.

"ಕೂಗಿದ್ದು ನಿಜ ಮೇಡಂ. ಮದುಮಗನ ಕರಿ ಕೋಟಿನ ಮೇಲೆ ಮಲಗಿತ್ತು. ಕೂದಲು ಆರಿಸಿ ಆರಿಸಿ ಕಣ್ಣು ಹೋಯ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಷ್ಟಕ್ಕೇ ಅಂಗಡಿ ಬಿಡಿಸಿದ್ರೆ ಎಲ್ಲಿಗೆ ಹೋಗ್ಲಿ? ಗಿರಾಕಿಗಳಿಗೆ ನಾನು ಗೊತ್ತಿಲ್ಲ, ಈ ಮೆಟ್ಟಿಲು ಗೊತ್ತು."

ಇನ್ಸ್‌ಪೆಕ್ಟರ್ ಕಣ್ಣು ಮೂಲೆಗೆ ಹೋಯಿತು. ಬಟ್ಟೆ ಚೂರುಗಳ ಬುಟ್ಟಿ, ಅದರ ನಡುವೆ ಬೆಕ್ಕು ಮಲಗಿ ಆದ ಗುಳಿ. ಪಕ್ಕದಲ್ಲಿ ಒಂದರ ಮೇಲೊಂದು ಎರಡು ಇಟ್ಟಿಗೆ. ಮೇಲೆ ನೀರಿನ ಬಟ್ಟಲು.

"ಬಟ್ಟಲು ಅಷ್ಟೆತ್ತರ ಯಾಕೆ?"

ಟೈಲರ್ ನಾಚಿಕೊಂಡ. "ಅದಕ್ಕೆ ಬಗ್ಗೋಕಾಗಲ್ಲ, ಪಾಪ. ಮೊದಲು ಒಂದೇ ಇಟ್ಟಿಗೆ ಸಾಕಿತ್ತು. ಮಳೆಗಾಲ ಮುಗಿಯೋ ಹೊತ್ತಿಗೆ ಎರಡು ಬೇಕಾಯ್ತು."

ತಿರುಚಿದ ಕುತ್ತಿಗೆ ಒಂದೇ ಸಲಕ್ಕೆ ಕೆಡುತ್ತದೆ, ಹೀಗೆ ಇಟ್ಟಿಗೆ ಇಟ್ಟಿಗೆಯಾಗಿ ಕೆಡುವುದಿಲ್ಲ. ಅಲ್ಲದೆ ಕುತ್ತಿಗೆ ತಿರುಚುವವನು ಬಟ್ಟಲು ಎತ್ತರಿಸುತ್ತಾ ಕೂರುವುದಿಲ್ಲ. ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಟೈಲರನ ಹೆಸರಿಗೆ ಗೀಟು ಎಳೆದಳು.

*

ಟೀಚರಮ್ಮ, ಇನ್ಸ್‌ಪೆಕ್ಟರ್ ಇಬ್ಬರ ಎದುರು ಪಶುವೈದ್ಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ. "ಯಾರೂ ತಿರುಚಿಲ್ಲ. ಮೂಳೆಗಳೇ ಬೆಳೆದು ಅಂಟಿಕೊಂಡಿವೆ."

"ವಿಷ ಏನಾದ್ರೂ?" ಇನ್ಸ್‌ಪೆಕ್ಟರ್ ಕೇಳಿದಳು.

"ವಿಷ ಅಲ್ಲ. ಆದರೆ ದಿನಾ ಏನೋ ಹೊಟ್ಟೆಗೆ ಹೋಗಿದೆ. ಏನು ತಿನ್ನುತ್ತಮ್ಮ ಇದು?"

"ಹಾಲು, ಅನ್ನ," ಎಂದು ಟೀಚರಮ್ಮ ನೆಲ ನೋಡಿದರು.

ಲೆಕ್ಕ ಮಾಡದೆ ಬಂದ ಮಕ್ಕಳು ಹೀಗೆಯೇ ನೆಲ ನೋಡುತ್ತಾರೆ. ಅದನ್ನು ಟೀಚರಮ್ಮನೇ ಕ್ಲಾಸಿನಲ್ಲಿ ಹೇಳಿ ನಗಿಸುತ್ತಿದ್ದರು. ಶಿಷ್ಯೆ ಮರೆತಿರಲಿಲ್ಲ.

ಅವರನ್ನು ಮನೆಗೆ ಬಿಟ್ಟು, ಟೀಚರಮ್ಮ ದಿನಾ ಎಲ್ಲಿಗೆ ಹೋಗುತ್ತಾರೆ ಎಂದು ಟೈಲರನನ್ನು ಕೇಳಿದಳು. ಬೆಳಿಗ್ಗೆ ಚೀಲ ಹಿಡಿದು ಸೇತುವೆಯಾಚೆಯ ಮಾಂಸದಂಗಡಿಗೆ ಹೋಗುತ್ತಾರೆ ಎಂದ.

*

"ಟೀಚರಮ್ಮನಾ? ಒಂದು ದಿನ ತಪ್ಪಿಸಲ್ಲ," ಎಂದ ಅಂಗಡಿಯವ. "ಲಿವರ್ ತಗೊಳ್ತಾರೆ. ಅವರ ಯಜಮಾನರಿಗೆ ರಕ್ತ ಕಡಿಮೆ, ಡಾಕ್ಟರು ಹೇಳಿದ್ದಾರೆ."

"ಯಜಮಾನರಿಗಾ?"

"ಹೂಂ. ಹೇಗಿದ್ದಾರೆ ಅಂತ ಕೇಳ್ತಾ ಇರ್ತೀನಿ. ಪರವಾಗಿಲ್ಲಪ್ಪ ಅಂತಾರೆ."

ತೀರಿಕೊಂಡವರ ಪಾಲಿನ ಲಿವರ್ ತಿನ್ನುತ್ತಿದ್ದವರು ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ. ಲಿವರ್ ಹೆಚ್ಚಾದರೆ ಹೀಗಾಗುತ್ತದೆಯೇ ಎಂದು ಇನ್ಸ್‌ಪೆಕ್ಟರ್ ಪಶುವೈದ್ಯನಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡಳು. ಎಷ್ಟೋ ಕಳ್ಳರನ್ನು ಹಿಡಿದಿದ್ದಳು, ಇಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.

*

ಟೀಚರಮ್ಮನ ಅಡುಗೆಮನೆಯಲ್ಲಿ ಇಬ್ಬರೇ. ದೊರೆಸಾನಿ ಕಿಟಕಿಯ ಬಿಸಿಲಿನಲ್ಲಿ ಮಲಗಿತ್ತು.

"ಟೀಚರ್, ತಟ್ಟೆಯಿಂದ ಬೆಕ್ಕಿಗೆ ಲಿವರ್ ಹಾಕೋ ಅಭ್ಯಾಸ ಸರ್‌ಗೆ ಇತ್ತಾ?"

ಟೀಚರಮ್ಮ ದೊರೆಸಾನಿಯ ಕಡೆ ನೋಡಿದರು. "ನಾನು ಆ ಕಡೆ ತಿರುಗಿದ್ರೆ ಸಾಕು, ಅರ್ಧ ಅದಕ್ಕೇ. ನಿನಗೆ ಹೇಗೆ ಗೊತ್ತಾಯ್ತು?"

"ಸರ್ ಹೇಗಿದ್ದಾರೆ ಅಂತ ಮಾಂಸದಂಗಡಿಯವ ನಿಮ್ಮನ್ನ ಕೇಳ್ತಾ ಇರ್ತಾನಂತೆ." ಇನ್ಸ್‌ಪೆಕ್ಟರ್ ಅವರ ಕೈ ಹಿಡಿದುಕೊಂಡಳು. "ಲಿವರ್ ಅಂದ್ರೆ ವಿಟಮಿನ್ ಎ ಉಗ್ರಾಣ ಟೀಚರ್. ಹಸು ಹಸಿ ಹುಲ್ಲು ತಿಂದು ಅದನ್ನ ತಾನೇ ಮಾಡ್ಕೊಳ್ಳುತ್ತೆ. ಬೆಕ್ಕಿಗೆ ಆಗಲ್ಲ, ಮಾಂಸದಿಂದಲೇ ಬರಬೇಕು. ಕಣ್ಣಿಗೆ, ಚರ್ಮಕ್ಕೆ ಬೇಕೇ ಬೇಕು. ಆದರೆ ಬೇಕಾಗೋದು ಚಿಟಿಕೆಯಷ್ಟು. ಹೆಚ್ಚಾದದ್ದು ಹೊರಗೆ ಹೋಗಲ್ಲ, ಒಳಗೇ ಕೂಡ್ತಾ ಹೋಗಿ ಕುತ್ತಿಗೆ ಮೂಳೆಗಳನ್ನ ಬೆಸೆದುಬಿಡುತ್ತೆ. ಕುತ್ತಿಗೆ ತಿರುಗದೆ ಮೈ ನೆಕ್ಕಿಕೊಳ್ಳೋಕಾಗಲ್ಲ, ಅದಕ್ಕೇ ಕೂದಲು ಗಂಟು."

"ಅಂದ್ರೆ ನಾನೇ."

"ನೀವೇ. ಗೊತ್ತಿಲ್ಲದೆ."

ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಲಿವರ್ ಬಿಟ್ಟು ಹಾಲು ಅನ್ನ ಮೂಸಿಯೂ ನೋಡ್ತಿರಲಿಲ್ಲ. ಆದರೆ ನಿಜ ಹೇಳ್ಲಾ? ಬೆಕ್ಕಿಗೋಸ್ಕರ ಅಷ್ಟೇ ಅಲ್ಲ ಕಣೆ. ಇವರು ಹೇಗಿದ್ದಾರೆ ಅಂತ ಆ ಅಂಗಡಿಯವನೊಬ್ಬನೇ ಕೇಳೋದು. ಅಷ್ಟು ಹೊತ್ತು ಇವರು ಮನೇಲೇ ಇರ್ತಿದ್ರು."

ಇನ್ಸ್‌ಪೆಕ್ಟರ್ ಕಣ್ಣು ಒರೆಸಿಕೊಂಡಳು. "ಲಿವರ್ ನಿಲ್ಲಿಸಿದ್ರೆ ನೋವು ಕಡಿಮೆಯಾಗುತ್ತಂತೆ. ಕುತ್ತಿಗೆ ಮೊದಲಿನ ಹಾಗಾಗಲ್ಲ, ಬದುಕೋಕೆ ಅಡ್ಡಿಯಿಲ್ಲ."

*

ಮರುದಿನ ಶಿಷ್ಯೆಯ ಜೊತೆ ಚೀಲ ಹಿಡಿದು ಇಳಿದ ಟೀಚರಮ್ಮ ಮೆಟ್ಟಿಲ ಕೆಳಗೆ ನಿಂತರು. "ಅಂಗಡಿ ಬಿಡೋ ಮಾತು ಮರೆತುಬಿಡಪ್ಪ. ಎರಡು ಇಟ್ಟಿಗೆ ಇದ್ರೆ ಕೊಡು, ಮೇಲೂ ಬಟ್ಟಲಿಗೆ ಬೇಕು."

ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ತಲೆಯಾಡಿಸಿದ.

ಸೇತುವೆಯಾಚೆ ಅಂಗಡಿಯವ ಅವರನ್ನು ಕಂಡದ್ದೇ ಲಿವರಿಗೆ ಕೈ ಹಾಕಿದ. "ಯಜಮಾನರು ಹೇಗಿದ್ದಾರಮ್ಮ?"

ಟೀಚರಮ್ಮ ಪಕ್ಕದಲ್ಲಿದ್ದ ಶಿಷ್ಯೆಯ ಕೈಯನ್ನು ಬಿಗಿಯಾಗಿ ಹಿಡಿದರು.

"ಅವರು ಇಲ್ಲಪ್ಪ. ತೀರಿಕೊಂಡ್ರು."

ಅಂಗಡಿಯವ ಕತ್ತಿ ಕೆಳಗಿಟ್ಟ. ಕೈ ತೊಳೆದು, ಹಲಗೆ ದಾಟಿ ಈಚೆ ಬಂದು, ಸ್ಟೂಲ್ ಎಳೆದ. "ಕೂತ್ಕೊಳ್ಳಿ ಅಮ್ಮ. ಏನಾಗಿತ್ತು ಅವರಿಗೆ?"

ಟೀಚರಮ್ಮ ಕೂತರು. ಮೊದಲಿನಿಂದ ಹೇಳತೊಡಗಿದರು. ಗಿರಾಕಿಗಳು ಕಾದರು. ಇನ್ಸ್‌ಪೆಕ್ಟರ್ ಖಾಲಿ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.