ಭಾನುವಾರದ ಬೀಗ

ಕಾಶಿಯ ಲಂಕಾ ಬಡಾವಣೆಯಲ್ಲಿ ಚಟ ಬಿಡಿಸುವ ಹಗಲು ಚಿಕಿತ್ಸಾ ಕೇಂದ್ರಕ್ಕೆ ಭಾನುವಾರ ರಜೆ. ಗೇಟಿಗೆ ಬೀಗ. ಆ ಬೀಗವನ್ನು ಹಿಡಿದುಕೊಂಡೇ ವೇದವ್ಯಾಸ ಸತ್ತಿದ್ದ.

ಪಿತೃಪಕ್ಷದ ಭಾನುವಾರ ಅದು. ಸಂಜೆ ಗಿಡಗಳಿಗೆ ನೀರು ಹಾಕಲು ಬಂದ ಕಾವಲುಗಾರ ಮೊದಲು ನೋಡಿದ. ಕಚ್ಚೆ ಪಂಚೆ, ಹೆಗಲ ಮೇಲೆ ಶಲ್ಯ, ಹಣೆಯಲ್ಲಿ ಬೆವರಿಗೆ ಕರಗಿದ ಗೋಪಿಚಂದನ. ಮುಖ ಕೆಂಪಗೆ ಬಾತುಕೊಂಡಿತ್ತು. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ಬಿದ್ದಿತ್ತು.

ಸಬ್ ಇನ್‌ಸ್ಪೆಕ್ಟರ್ ಶಿವಾನಿ ಹಿರೇಮಠ ಬಂದವಳೇ ನಿಂತುಬಿಟ್ಟಳು. ಅವಳು ಜಂಗಮವಾಡಿಯಲ್ಲೇ ಹುಟ್ಟಿ ಬೆಳೆದವಳು. ಕಾಶಿಯಲ್ಲಿ ಕನ್ನಡದ ಮನೆಗಳು ಎಷ್ಟು ಮಹಾ ಇವೆ? ಎಲ್ಲರಿಗೂ ಎಲ್ಲರ ಗುರುತು. ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಮನೆತನದವನು ವೇದವ್ಯಾಸ. ವರ್ಷಗಟ್ಟಲೆ ಕುಡಿದು ಹಾಳಾಗಿದ್ದ. ಆಮೇಲೆ ಇದೇ ಕೇಂದ್ರಕ್ಕೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತ, ಹೋದ ಹೋಳಿಯಿಂದ ಈಚೆಗೆ ಒಂದು ಹನಿಯೂ ಮುಟ್ಟಿರಲಿಲ್ಲ. ಅವನನ್ನು ನೋಡಿಯೇ ಶಿವಾನಿ ತನ್ನ ತಮ್ಮ ಅಭಿನವನಿಗೂ ಈ ಕೇಂದ್ರವನ್ನು ಆರಿಸಿದ್ದಳು. ಮರುದಿನವೇ ತಮ್ಮನ ಮೊದಲ ದಿನವಿತ್ತು.

ಚೀಲ ತೆಗೆದರು. ಮಡಿಪಂಚೆ, ಪಂಚಪಾತ್ರೆ, ಉದ್ಧರಣೆ. ಅವುಗಳ ನಡುವೆ ರಮ್ಮಿನ ಖಾಲಿ ಪೌವಾ, ಕಾಲು ಅಳತೆಯ ಬಾಟಲಿ.

“ಮುಗೀತು ಬಿಡಿ,” ಅಂದರು ಠಾಣೆಯ ಇನ್‌ಸ್ಪೆಕ್ಟರ್. “ಕುಡಿತ ಬಿಡಿಸೋ ಮಾತ್ರೆ ನುಂಗ್ತಿದ್ದ. ಅದರ ಮೇಲೆ ಕುಡಿದ. ಸತ್ತ. ಇದರಲ್ಲಿ ಕೇಸೇನಿದೆ?”

ಆ ಮಾತ್ರೆಯ ವಿಷಯ ಶಿವಾನಿಗೆ ಗೊತ್ತಿತ್ತು. ಅದು ಮೈಯಲ್ಲಿರುವಾಗ ಮದ್ಯ ಒಳಗೆ ಹೋದರೆ ಮೈಯೇ ತಿರುಗಿ ಬೀಳುತ್ತದೆ. ಎದೆ ಹಾರುತ್ತದೆ, ಉಸಿರು ಕಟ್ಟುತ್ತದೆ.

“ಇನ್ನೊಂದು,” ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. “ಇವನ ಫೋನಿಂದ ಕೊನೇ ಕರೆ ಹೋಗಿರೋದು ನಿಮ್ಮ ತಮ್ಮನಿಗೆ. ಅವನು ಎತ್ತಿಲ್ಲ. ಜೊತೆಗೆ ಕುಡಿಯೋಕೆ ಕರೆದನೋ ಏನೋ. ಮನೇಲಿ ವಿಚಾರಿಸಿ ನೋಡಿ.”

*

ಅಭಿನವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಸುದ್ದಿ ಅವಳಿಗಿಂತ ಮೊದಲೇ ಗಲ್ಲಿಯೊಳಗೆ ಬಂದಿತ್ತು.

“ಫೋನ್ ಯಾಕೆ ಎತ್ತಲಿಲ್ಲ?”

“ಮಲಗಿದ್ದೆ, ದೀದಿ.”

“ನಾಳೆ ಹೋಗಬೇಕು, ನೆನಪಿದೆ ತಾನೆ?”

“ವ್ಯಾಸಣ್ಣನೇ ಕುಡಿದು ಸತ್ತ. ನಾನು ಅಲ್ಲಿಗೆ ಹೋಗಿ ಏನ್ ಕಿಸೀಲಿ?”

ಶಿವಾನಿ ಹಾಸಿಗೆಯ ಅಂಚಿನಲ್ಲಿ ಕೂತಳು. ನಿದ್ದೆ ಮಾತ್ರೆಗಳ ಚಟಕ್ಕೆ ಬಿದ್ದಿದ್ದ ಇವನು ಶ್ರಾವಣದಲ್ಲಿ ಅವನ್ನು ಮುಷ್ಟಿಗಟ್ಟಲೆ ನುಂಗಿ ಆಸ್ಪತ್ರೆ ಸೇರಿದ್ದ. ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು. ಆಮೇಲೆ ಅವಳು ನೋಡದ ಜಾಗವಿಲ್ಲ. ಒಂದು ಕಡೆ ಹುಡುಗರನ್ನು ಸರಪಳಿಯಲ್ಲಿ ಕಟ್ಟಿದ್ದನ್ನು ಕಂಡು ಹೊಸ್ತಿಲಿಂದಲೇ ತಿರುಗಿ ಬಂದಳು. ಲಖನೌದಲ್ಲಿ ಒಳ್ಳೆಯದೇ ಇತ್ತು, ಆದರೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಕೋಣೆಯಲ್ಲಿ ಕೂಡಿ ಹಾಕಿದರೆ ಸಾಯುತ್ತೇನೆ ಅಂದ ತಮ್ಮ. ಕೊನೆಗೆ ಉಳಿದದ್ದು ಈ ಹಗಲು ಕೇಂದ್ರ. ಇದಕ್ಕೆ ಅವನು ಒಪ್ಪಿದ್ದೂ ವೇದವ್ಯಾಸ ಎದುರಿಗೆ ಕೂತು ಮಾತಾಡಿದ ಮೇಲೆಯೇ. ಈಗ ಆ ವೇದವ್ಯಾಸ ಕುಡಿದ ಅಂತಾದರೆ ಅಭಿನವ ಕೈಬಿಟ್ಟುಹೋದ ಹಾಗೆಯೇ.

ಕುಡಿದಿದ್ದನೇ? ಅದನ್ನು ತಿಳಿಯದೆ ಅವಳಿಗೆ ಊಟ ಸೇರುವ ಹಾಗಿರಲಿಲ್ಲ.

*

ವೇದವ್ಯಾಸನ ಹೆಂಡತಿ ವೈದೇಹಿ ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು. ಸೂತಕದ ಮನೆ. ಶಿವಾನಿ ಹೊಸ್ತಿಲ ಹೊರಗೇ ನಿಂತು ಕೇಳಿದಳು.

“ಭಾನುವಾರ ಎಲ್ಲಿಗೆ ಹೋಗಿದ್ದರು?”

“ಗುರುಕಿರಣನ ಮನೆಗೆ. ಇವರ ದೊಡ್ಡಪ್ಪನ ಮಗ. ರಾಯಚೂರಿಂದ ಬಂದ ಯಾತ್ರಿಕರ ಶ್ರಾದ್ಧ ಇತ್ತು. ಬ್ರಾಹ್ಮಣಾರ್ಥಕ್ಕೆ, ಪಿತೃಗಳ ಜಾಗದಲ್ಲಿ ಕೂತು ಉಣ್ಣೋಕೆ, ಕರೆದಿದ್ದ. ಮೂರು ವರ್ಷದಿಂದ ಇವರನ್ನ ಒಬ್ಬರೂ ಎಲೆಗೆ ಕರೆದಿರಲಿಲ್ಲ, ಗೊತ್ತಾ? ಕುಡುಕನನ್ನ ಪಿತೃಸ್ಥಾನದಲ್ಲಿ ಯಾರು ಕೂರಿಸ್ತಾರೆ? ಬೆಳಿಗ್ಗೆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ರು ಅಂತೀರಿ.”

“ಚೀಲದಲ್ಲಿ ಬಾಟಲಿ ಇತ್ತು.”

“ಸುಳ್ಳು. ಮೈಮೇಲೆ ಎಚ್ಚರ ಇಲ್ಲದ ಹಾಗೆ ಕುಡೀತಿದ್ದ ಕಾಲದಲ್ಲೂ ಆ ಚೀಲ ಮುಟ್ಟಿದವರಲ್ಲ. ಅದರಲ್ಲಿ ಅವರಪ್ಪನ ಪಂಚಪಾತ್ರೆ ಇದೆ.”

ಹೆಂಡತಿಯಾದವಳು ಇನ್ನೇನು ಹೇಳುತ್ತಾಳೆ? ಆದರೂ ಶಿವಾನಿಗೆ ಆ ಮಾತು ಬಿಟ್ಟುಹೋಗಲಿಲ್ಲ.

ಗುರುಕಿರಣ ಘಾಟಿನ ಮೆಟ್ಟಿಲ ಮೇಲೆಯೇ ಸಿಕ್ಕ. ಅಚ್ಚುಕಟ್ಟಿನ ಮನುಷ್ಯ, ಕಣ್ಣು ಕೆಂಪಾಗಿದ್ದವು.

“ಊಟ ಆಯ್ತು, ತಾಂಬೂಲ ತಗೊಂಡ, ಹೊರಟ. ಯಾಕೋ ಮುಖ ಸರಿ ಇರಲಿಲ್ಲ ಮೇಡಂ. ದಾರೀಲಿ ಕುಡಿದನೋ ಏನೋ, ಯಾರಿಗೆ ಗೊತ್ತು? ಲಖನೌ ಬೇಡ, ಲಂಕಾದಲ್ಲೇ ಸೇರಿಸಿ ಅಂತ ಹಟ ಹಿಡಿದು ಸೇರಿಸಿದ್ದೇ ನಾನು. ಮನೇಲಿದ್ದುಕೊಂಡೇ ವಾಸಿ ಆಗಲಿ ಅಂತ. ಎಲ್ಲ ನೀರುಪಾಲಾಯ್ತು.”

“ಅವರು ಏನು ಮಾತ್ರೆ ತಗೋತಿದ್ದರು?”

“ಅದೆಲ್ಲ ನನಗೆ ತಿಳಿಯಲ್ಲ, ಮೇಡಂ.”

*

ಹಗಲು ಕೇಂದ್ರದ ಡಾಕ್ಟರ್ ಪ್ರಿಯಂವದಾ ಮಿಶ್ರಾ ಶವಪರೀಕ್ಷೆಯ ವರದಿಯನ್ನು ಓದಿ ಹುಬ್ಬು ಗಂಟಿಕ್ಕಿದರು.

“ಮದ್ಯ ಇದೆ. ಆದರೆ ಬಹಳ ಕಡಿಮೆ. ಒಂದು ಪೌವಾ ಕುಡಿದವನ ಹೊಟ್ಟೆ ಹೀಗಿರಲ್ಲ. ಇಷ್ಟರಲ್ಲಿ ನಿಮಗೋ ನನಗೋ ತಲೆಯೂ ತಿರುಗೋದಿಲ್ಲ. ಅವರ ಹೃದಯ ಮೊದಲೇ ಸೋತಿತ್ತು, ಮಾತ್ರೆ ಬೇರೆ ಒಳಗಿತ್ತು. ಅದಕ್ಕೇ ತಡೀಲಿಲ್ಲ.”

“ಹಾಗಾದರೆ ಊಟದ ಜೊತೆ ಹೋಗಿರಬಹುದು.”

“ಇರಬಹುದು. ಅದಕ್ಕೇ ಸೇರಿಸಿಕೊಳ್ಳುವಾಗ ಮನೆಯವರನ್ನೂ ಕೂರಿಸಿ ಹೇಳ್ತೀವಿ. ಕೆಮ್ಮಿನ ಸಿರಪ್ ಬೇಡ, ಆಯುರ್ವೇದದ ಅರಿಷ್ಟ ಬೇಡ, ಅಡುಗೆಗೆ ವಿನಿಗರ್ ಬೇಡ ಅಂತ. ಅವರ ಅಣ್ಣ ಬಂದಿದ್ದರಲ್ಲ, ಪುರೋಹಿತರು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಅವರೇ. ಗೊತ್ತಿಲ್ಲದೆ ಊಟದಲ್ಲಿ ಸ್ವಲ್ಪ ಹೋದರೂ ಅಪಾಯವಾ ಅಂತ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.”

ಮಾತ್ರೆಯ ವಿಷಯ ತಿಳಿಯದು ಅಂದವನು ಅದೇ ಅಣ್ಣ. ಶಿವಾನಿಗೆ ಮೊದಲ ದಾರಿ ಕಂಡಿತು.

ಆದರೂ ಒಂದು ಕಗ್ಗಂಟು ಉಳಿಯಿತು. ಹೆಂಡದ ರುಚಿ ವೇದವ್ಯಾಸನಿಗೆ ಗೊತ್ತಿಲ್ಲದ್ದೇ? ಊಟದಲ್ಲಿ ಅದು ಸಿಕ್ಕಿದ್ದರೆ ಮೊದಲ ತುತ್ತಿಗೇ ಉಗಿದು ಏಳಬೇಕಿತ್ತಲ್ಲ. ಯಾಕೆ ನುಂಗಿದ?

*

ಅವತ್ತು ಶ್ರಾದ್ಧದಲ್ಲಿ ಎರಡೇ ಎಲೆ. ಒಂದು ವೇದವ್ಯಾಸನದು. ಇನ್ನೊಂದರ ಮುಂದೆ ಕೂತಿದ್ದವರು ರಾಘವೇಂದ್ರಾಚಾರ್ಯರು. ಎಪ್ಪತ್ತು ದಾಟಿದ ಜೀವ.

“ಊಟ ಹೇಗಿತ್ತು, ಆಚಾರ್ರೇ?”

“ಅದನ್ನ ಹೇಳಬಾರದಮ್ಮ.”

“ಯಾಕೆ?”

“ನಿನಗೆ ತಿಳೀದು. ನಿಮ್ಮಲ್ಲಿ ಈ ಪದ್ಧತಿ ಇಲ್ಲ. ಶ್ರಾದ್ಧದ ಎಲೆ ಮುಂದೆ ಕೂತವನು ಮೌನವಾಗಿ ಉಣ್ಣಬೇಕು. ಉಪ್ಪಿದೆ, ಹುಳಿಯಿದೆ, ಚೆನ್ನಾಗಿದೆ, ಕೆಟ್ಟಿದೆ, ಏನೂ ಅನ್ನಬಾರದು. ಅಂದರೆ ಪಿತೃಗಳು ಉಣ್ಣದೆ ಎದ್ದು ಹೋಗ್ತಾರೆ. ನಾವು ಮಧ್ಯೆ ಎದ್ದರೂ ಅಷ್ಟೇ. ಮಾಡಿಸಿದವನ ಅಪ್ಪ ಹಸಕೊಂಡು ಹೋಗ್ತಾನೆ.”

“ಊಟ ಆದ ಮೇಲೆ?”

“ಆಮೇಲೂ ಹೇಳೋದಲ್ಲ.”

ವೇದವ್ಯಾಸ ಯಾಕೆ ಏಳಲಿಲ್ಲ ಅನ್ನುವುದು ಶಿವಾನಿಗೆ ಈಗ ತಿಳಿಯಿತು.

“ಆಚಾರ್ರೇ, ಊರೆಲ್ಲ ಅವನನ್ನ ಕುಡುಕ ಅಂತಿದೆ. ಮತ್ತೆ ಕುಡಿದು ಸತ್ತ ಅಂತಿದೆ. ಅವನ ಹೆಂಡತಿ ಇನ್ನು ಜೀವಮಾನ ಪೂರ್ತಿ ಅದನ್ನೇ ಕೇಳಬೇಕು. ನಿಮ್ಮ ಮೌನ ಆ ಸುಳ್ಳನ್ನ ಕಾಯ್ತಿದೆ.”

ಮುದುಕರು ಕೈಯಲ್ಲಿದ್ದ ಜಪದ ಸರವನ್ನು ಕೆಳಗಿಟ್ಟರು. ಆಮೇಲೆ ಕಣ್ಣು ತುಂಬಿಕೊಂಡರು.

“ಪಾಯಸದಲ್ಲಿತ್ತಮ್ಮ. ಬೆಲ್ಲದ ಪಾಯಸ. ಏಲಕ್ಕಿ, ಪಚ್ಚಕರ್ಪೂರ ಸುರಿದಿದ್ದರು. ಅದರ ಕೆಳಗೆ ಏನೋ ಸುಡೋ ಹಾಗಿತ್ತು. ಅದೇನು ಅಂತ ನನಗೆ ಹೇಗೆ ಗೊತ್ತಾಗಬೇಕು? ಅವನಿಗೆ ಗೊತ್ತಾಯ್ತು. ಕೈ ನಿಲ್ಲಿಸಿ ನನ್ನ ಮುಖ ನೋಡಿದ. ನಾನು... ನಾನು ಕಣ್ಣಲ್ಲೇ ಉಣ್ಣು ಅಂದೆ. ಇಷ್ಟು ವರ್ಷದ ಮೇಲೆ ಎಲೆ ಸಿಕ್ಕಿದೆ, ಎದ್ದು ಕೆಡಿಸ್ಕೋಬೇಡ ಅನ್ನೋ ಹಾಗೆ. ಅವನು ತಲೆ ತಗ್ಗಿಸಿ ಉಂಡ. ನಾನೇ ಉಣ್ಣಿಸಿದ ಹಾಗಾಯ್ತಮ್ಮ.”

*

ಶಿವಾನಿ ಗುರುಕಿರಣನ ಮನೆಗೆ ಹೋದಾಗ ಜಗುಲಿಯ ಮೇಲೆ ರಾಯಚೂರಿನ ಯಜಮಾನರಿದ್ದರು. ಶ್ರಾದ್ಧ ಮಾಡಿಸಿದವರು ಅವರೇ. ಗಯೆಗೆ ಹೊರಡುವ ಸಿದ್ಧತೆಯಲ್ಲಿದ್ದರು. ಇಬ್ಬರು ಪೇದೆಗಳು ಬಾಗಿಲಲ್ಲಿ ನಿಂತರು.

ಅವಳು ಗುರುಕಿರಣನನ್ನು ನೋಡಲೇ ಇಲ್ಲ. ನೇರವಾಗಿ ಯಜಮಾನರಿಗೆ ಹೇಳಿದಳು.

“ರಾಯರೇ, ಬೇಜಾರಾಗಬೇಡಿ. ಭಾನುವಾರದ ಪಾಯಸದಲ್ಲಿ ಹೆಂಡ ಬೆರೆತಿತ್ತು. ಅದೇ ಪಾಯಸ ಪಿಂಡಕ್ಕೂ ಬಿದ್ದಿದೆ. ನಿಮ್ಮ ತಂದೆಯ ಶ್ರಾದ್ಧ ಕೆಟ್ಟಿದೆ. ಬೇರೆ ಪುರೋಹಿತರನ್ನ ಹಿಡಿದು ಮತ್ತೆ ಮಾಡಿಸಿ.”

ಯಜಮಾನರ ಮುಖ ಬಿಳಿಚಿತು. “ಗುರುಕಿರಣಾಚಾರ್ರೇ, ಏನಿದು? ನಮ್ಮಪ್ಪನ ಪಿಂಡಕ್ಕೆ ಹೆಂಡವೇ?”

“ಇಲ್ಲ ರಾಯರೇ, ಪಿಂಡಕ್ಕೆ ಒಂದು ತೊಟ್ಟೂ ಹೋಗಿಲ್ಲ,” ಗುರುಕಿರಣ ಮುಂದೆ ನುಗ್ಗಿದ. “ಪಿಂಡದ್ದು ದೊಡ್ಡ ಪಾತ್ರೆಯದು. ಎಲೆಗೆ ಬಡಿಸಿದ್ದೇ ಬೇರೆ. ನಾನೇ ಕೈಯಾರೆ...”

ಅಲ್ಲಿಗೆ ನಿಲ್ಲಿಸಿದ. ನಿಲ್ಲಿಸಿದ್ದು ತಡವಾಗಿತ್ತು.

“ಹೇಳಿ,” ಅಂದಳು ಶಿವಾನಿ. “ತಪ್ಪಿಲ್ಲದವರಾದರೆ ಪಾಯಸಕ್ಕೆ ಹೆಂಡ ಎಲ್ಲಿಂದ ಬಂತು ಅಂತ ನನ್ನನ್ನೇ ಕೇಳ್ತಿದ್ದರು. ನೀವು ಕೇಳಲಿಲ್ಲ. ಯಾವ ಪಾತ್ರೇಲಿ ಇತ್ತು, ಯಾವುದರಲ್ಲಿ ಇರಲಿಲ್ಲ ಅಂತ ಹೇಳಿದಿರಿ. ತಮ್ಮನನ್ನ ಕೊಲ್ಲೋಕೆ ನಿಮ್ಮ ಕೈ ನಡುಗಲಿಲ್ಲ. ಯಜಮಾನರ ಪಿಂಡ ಮೈಲಿಗೆ ಮಾಡೋಕೆ ಮಾತ್ರ ನಡುಗಿತು.”

ಗುರುಕಿರಣ ಜಗುಲಿಯ ಕಂಬಕ್ಕೆ ಒರಗಿದ.

ಅವಳು ಯಜಮಾನರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದಳು. ವೇದವ್ಯಾಸ ಕುಡಿಯುತ್ತಿದ್ದಷ್ಟು ಕಾಲ ಅವನ ಮನೆಯ ಯಾತ್ರಿಕರೆಲ್ಲ ಗುರುಕಿರಣನ ಮನೆಗೆ ಬರುತ್ತಿದ್ದರು. ಲಖನೌ ಬೇಡ, ಹಗಲು ಕೇಂದ್ರವೇ ಸಾಕು ಎಂದು ಹಟ ಹಿಡಿದದ್ದೂ ಅದಕ್ಕೇ. ದಿನಾ ಸಂಜೆ ಮನೆಗೆ ಬರುತ್ತಾನೆ, ಹಳೇ ಗಲ್ಲಿ, ಹಳೇ ಗೆಳೆಯರು, ವಾರದೊಳಗೆ ಮತ್ತೆ ಬೀಳುತ್ತಾನೆ ಅನ್ನುವ ಲೆಕ್ಕ. ಸೋಲಲಿ ಎಂದು ಆರಿಸಿದ್ದು ಗೆದ್ದುಬಿಟ್ಟಿತು. ದೀಪಾವಳಿ ಕಳೆದ ಮೇಲೆ ವೇದವ್ಯಾಸ ತನ್ನ ಯಾತ್ರಿಕರನ್ನು ತಾನೇ ನೋಡಿಕೊಳ್ಳುವವನಿದ್ದ. ಆಗ ಗುರುಕಿರಣನಿಗೆ ಡಾಕ್ಟರರ ಎಚ್ಚರಿಕೆ ನೆನಪಾಯಿತು. ಶ್ರಾದ್ಧದ ಎಲೆಯ ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಅನ್ನುವುದು ಹುಟ್ಟಿನಿಂದ ಗೊತ್ತಿತ್ತು. ಪಕ್ಕದ ಎಲೆಯ ಆಚಾರ್ಯರಿಗೆ ಅಷ್ಟು ಹೆಂಡ ಏನೂ ಮಾಡುವುದಿಲ್ಲ. ಸಾಯುವವನು ಒಬ್ಬನೇ. ಮೈ ಕೆಟ್ಟು ಕೇಂದ್ರಕ್ಕೆ ಓಡಿದರೂ ಭಾನುವಾರ ಅಲ್ಲಿ ಬೀಗ. ಉಳಿದ ಕೆಲಸಕ್ಕೆ ಖಾಲಿ ಬಾಟಲಿಯನ್ನು ಚೀಲಕ್ಕೆ ಸೇರಿಸಿದರೆ ಸಾಕು, ಕುಡುಕ ಕುಡಿದ ಎಂದು ಊರೇ ಹೇಳುತ್ತದೆ.

“ಊರು ಹೇಳಿತು ಕೂಡ,” ಅಂದಳು ಶಿವಾನಿ.

ಕಂಟೋನ್ಮೆಂಟ್ ಕಡೆಯ ಮದ್ಯದಂಗಡಿಯ ಕ್ಯಾಮೆರಾದಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡು ಪೌವಾ ಕೊಳ್ಳುತ್ತಿದ್ದ ಗುರುಕಿರಣ ಮರುದಿನ ಸಿಕ್ಕ. ಭಾದ್ರಪದದ ಸೆಖೆಯಲ್ಲಿ ಮಫ್ಲರ್ ಸುತ್ತಿದವನು ಅಂಗಡಿಯವನಿಗೂ ನೆನಪಿದ್ದ.

*

ವೇದವ್ಯಾಸ ಕುಡಿದಿರಲಿಲ್ಲ ಎಂದು ಗಲ್ಲಿಗೆಲ್ಲ ತಿಳಿಯಿತು. ಆದರೂ ಅಭಿನವ ಹಾಸಿಗೆ ಬಿಟ್ಟು ಏಳಲಿಲ್ಲ. ಅದು ಯಾಕೆಂದು ಶಿವಾನಿಗೆ ತಿಳಿದದ್ದು ಹದಿಮೂರನೇ ದಿನದ ಕರ್ಮ ಮುಗಿದ ಮೇಲೆ, ವೈದೇಹಿ ಬಂದು ಬಾಗಿಲಲ್ಲಿ ನಿಂತಾಗ.

“ನಾನು ಮಲಗಿರಲಿಲ್ಲ, ಭಾಭಿ,” ಅಂದ ಅಭಿನವ. ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದ. “ಫೋನ್ ರಿಂಗ್ ಆಗ್ತಿತ್ತು. ವ್ಯಾಸಣ್ಣನ ಹೆಸರು ಕಾಣ್ತಿತ್ತು. ನಿದ್ದೆ ಮಾತ್ರೆ ನುಂಗಿದ್ದೆ. ನಾಳೆ ಕೇಂದ್ರಕ್ಕೆ ಬರಲೇಬೇಕು ಅಂತ ಬೈತಾನೆ ಅಂದ್ಕೊಂಡು ಎತ್ತಲಿಲ್ಲ. ಗೇಟಿನ ಹತ್ತಿರ ಬಿದ್ದು ಕರೀತಿದ್ದಾನೆ ಅಂತ ಗೊತ್ತಿರಲಿಲ್ಲ.”

ವೈದೇಹಿ ಹೊಸ್ತಿಲು ದಾಟಿ ಒಳಗೆ ಬಂದಳು. ಬೈಯುತ್ತಾಳೇನೋ ಅನ್ನಿಸಿತು ಶಿವಾನಿಗೆ. ಬೈದಿದ್ದರೂ ತಪ್ಪಿರಲಿಲ್ಲ.

“ಆವತ್ತು ಆಚಾರ್ರೂ ಮಾತಾಡಲಿಲ್ಲ. ಇವರೂ ಮಾತಾಡಲಿಲ್ಲ. ನೀನೂ ಮಾತಾಡಲಿಲ್ಲ,” ಅಂದಳು. “ಈಗ ಹೇಳಿದೆಯಲ್ಲ. ಇದನ್ನೇ ಹೋಗಿ ಆ ಡಾಕ್ಟರಿಗೂ ಹೇಳು.”

“ನನ್ನಿಂದ ಆಗಲ್ಲ, ಭಾಭಿ.”

ಅವಳು ಮೂಲೆಯಲ್ಲಿದ್ದ ಅವನ ಚಪ್ಪಲಿಗಳನ್ನು ಕಾಲಿನಿಂದ ಅವನ ಕಡೆ ಸರಿಸಿದಳು.

“ಇವತ್ತು ಬೀಗ ಹಾಕಿರಲ್ಲ. ನಾನೂ ಬರ್ತೀನಿ, ಏಳು.”