ಕೊನೆಯ ಚರಣಕ್ಕೆ ಮುಂಚಿನ ನಿಟ್ಟುಸಿರು

ಟಕ್.

ಅಷ್ಟೇ ಸದ್ದು. ರಾತ್ರಿ ಹನ್ನೊಂದೂವರೆಗೆ, ರೇಡಿಯೋ ನಿಲಯದ ಹಳೆ ರೆಕಾರ್ಡುಗಳ ಕೋಣೆಯಲ್ಲಿ, ಒರೆಸುತ್ತಿದ್ದ ಕಪ್ಪು ತಟ್ಟೆ ಅವಳ ಕೈಯಲ್ಲೇ ಎರಡಾಯಿತು.

ನಿಲಯದವರೆಲ್ಲ ಲೈಬ್ರರಿ ಮೇಡಂ ಎಂದು ಕರೆಯುವ ಅವಳು ಹದಿನಾಲ್ಕು ವರ್ಷದಲ್ಲಿ ಒಂದು ರೆಕಾರ್ಡಿಗೂ ಗೀರು ಬೀಳಿಸಿದವಳಲ್ಲ. ಒಡೆಯಲು ಇದೇ ಸಿಗಬೇಕೇ? ರೆಕಾರ್ಡುಗಳು ಹೊಸದಾಗಿ ಬಂದ ಕಾಲದ ಹಾಡು. ಬಿಟ್ಟುಹೋದವನನ್ನು ನೆನೆದು ಒಬ್ಬಳು ಹಾಡುತ್ತಾಳೆ. ಅವಳ ಹೆಸರು ಮರೆತವರೂ ಹಾಡನ್ನು ಮರೆತಿಲ್ಲ. ಅಜ್ಜಿಯರೂ ಕೇಳುತ್ತಾರೆ, ಮೊನ್ನೆ ಮೊನ್ನೆ ಮನಸ್ಸು ಮುರಿದುಕೊಂಡ ಕಾಲೇಜು ಹುಡುಗರೂ ಕೇಳುತ್ತಾರೆ. ಎಲ್ಲರೂ ಕಾಯುವುದು ಕೊನೆಯ ಚರಣಕ್ಕೆ ಮುಂಚೆ ಅವಳು ಬಿಡುವ ಒಂದು ನಿಟ್ಟುಸಿರಿಗೆ. ಬೆಳಿಗ್ಗೆ ಆರಕ್ಕೆ ಆ ಹಾಡು ಮತ್ತೆ ಪ್ರಸಾರವಾಗಬೇಕಿತ್ತು.

ಪುಣ್ಯಕ್ಕೆ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಕರಕರ ಸದ್ದನ್ನೂ ಅಳಿಸಿಯಾಗಿತ್ತು. ಹೆಡ್‌ಫೋನ್ ಹಾಕಿ ಕೇಳಿದಳು. ಕರಕರದ ಜೊತೆ ನಿಟ್ಟುಸಿರೂ ಅಳಿಸಿಹೋಗಿತ್ತು. ದಿನದ ಅಭ್ಯಾಸದಂತೆ, ಮೊದಲ ಪ್ರತಿಯ ಮೇಲೇ ಸೇವ್ ಮಾಡಿಬಿಟ್ಟಿದ್ದಳು.

"ಇನ್ನೂ ಹೊರಟಿಲ್ವಾ?"

ಬಾಗಿಲಲ್ಲಿ ಉದ್ಘೋಷಕ, ರಾತ್ರಿ ಪಾಳಿಯವನು. ಕೈಯಲ್ಲಿ ಟೀ ಫ್ಲಾಸ್ಕು. ಮೂರು ವರ್ಷದಿಂದ ಅದರ ಎರಡನೇ ಕಪ್ಪು ಅವಳದು. ಅದರಾಚೆಗೆ ಇಬ್ಬರೂ ಒಂದು ಹೆಜ್ಜೆ ಇಟ್ಟವರಲ್ಲ.

ಅವಳು ಎಲ್ಲ ಹೇಳಿದಳು.

"ಇಂಟರ್ನೆಟ್ಟಿನಲ್ಲಿ ಸಿಗಲ್ವಾ?"

"ಅಲ್ಲಿರೋದೆಲ್ಲ ಬೇರೆಯವರು ಮತ್ತೆ ಹಾಡಿದ್ದು. ಆ ಉಸಿರು ಯಾರ ಕೈಲೂ ಆಗಿಲ್ಲ."

"ಹಾಗಾದ್ರೆ ನೀವೇ ಒಂದು ನಿಟ್ಟುಸಿರು ಬಿಡಿ. ಎರಡು ಸೆಕೆಂಡಿನ ಕೆಲಸ. ನಾನು ಸೇರಿಸ್ತೀನಿ."

ಬೇರೆ ದಾರಿ ಇರಲಿಲ್ಲ. ಅವಳು ಮೈಕಿನ ಮುಂದೆ ಕೂತಳು, ಅವನು ಗಾಜಿನಾಚೆ.

"ಇದು ಮೂರು ಮಹಡಿ ಹತ್ತಿ ಬಂದವರದು," ಎಂದ ಮೊದಲನೆಯದಕ್ಕೆ. ಎರಡನೆಯದಕ್ಕೆ, "ಇದು ಬಸ್ಸಲ್ಲಿ ಸೀಟು ಸಿಕ್ಕಿದವರದು."

ಸುಸ್ತಿನಲ್ಲೂ ಅವಳಿಗೆ ನಗು ಬಂತು. "ನಿಟ್ಟುಸಿರಿನ ವಿಷಯ ನಿಮಗೇನ್ರೀ ಗೊತ್ತು?"

ಅವನು ನಗಲಿಲ್ಲ. ಒಂದು ಗಳಿಗೆ ಅವಳನ್ನೇ ನೋಡಿ ಕಣ್ಣು ತಗ್ಗಿಸಿದ.

"ನನಗೆ ಟ್ರಾನ್ಸ್‌ಫರ್ ಆಗಿದೆ. ಸೋಮವಾರ ಹೊರಡಬೇಕು. ಒಂದು ವಾರದಿಂದ ನಿಮಗೆ ಹೇಳೋಕೆ ಬಾಯೇ ಬರ್ತಿಲ್ಲ."

ಅವಳ ಹೊಟ್ಟೆಯ ಆಳದಿಂದ ಉಸಿರು ತಾನೇ ಎದ್ದು, ಗಂಟಲಲ್ಲಿ ತುಸು ತಡೆದು, ಹೊರಗೆ ಹೋಯಿತು. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಅವನು ಗಾಜಿನ ಕೋಣೆಯಿಂದ ಎದ್ದು ಬಂದ.

"ಈ ಉಸಿರಿಗೋಸ್ಕರ ಸುಳ್ಳು ಹೇಳಿದ್ರಾ?" ಎಂದು ಕೇಳಿದಳು.

"ಸುಳ್ಳಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

"ಮೂರು ವರ್ಷ. ಒಂದು ಮಾತು ಆಡಬಹುದಿತ್ತು."

"ನೀವೂ ಆಡಬಹುದಿತ್ತಲ್ಲ." ಅವನು ಹತ್ತಿರ ಬಂದು ಕೇಳಿದ, "ಈಗ ಆಡಲಾ?"

"ಬೇಡ. ಈಗ ಆಡಿದ್ರೆ ನೀವು ಹೊರಟೇ ಹೋಗ್ತೀರಿ, ಮಾತು ನನ್ನ ಹತ್ತಿರ ಉಳಿಯುತ್ತೆ. ಅದನ್ನು ಹೊರೋಷ್ಟು ಶಕ್ತಿ ನನಗಿಲ್ಲ."

ಅವನು ಅವಳ ಕೈ ಹಿಡಿದುಕೊಂಡ. ರೆಕಾರ್ಡಿನ ಕಪ್ಪು ಧೂಳು ಅವನ ಬೆರಳಿಗೂ ಅಂಟಿತು. ಹಾಗೇ ಎಷ್ಟು ಹೊತ್ತು ಕೂತರೋ. ಆಮೇಲೆ ಇಬ್ಬರೂ ಸೇರಿ, ಆ ಉಸಿರನ್ನು ಹಾಡಿನೊಳಗೆ ಕೂರಿಸಿದರು.

ರೆಕಾರ್ಡು ಒಡೆದದ್ದನ್ನು ಅವಳು ವರದಿಯಲ್ಲಿ ಬರೆದಿಟ್ಟಳು. ಬೈಗುಳ ಬರುವುದಿದ್ದರೆ ಬರಲಿ.

ಏಳು ಗಂಟೆಗೆ ಮನೆಯ ಬಾಗಿಲು ತೆಗೆದ ಅಕ್ಕನ ಕಣ್ಣು ಕೆಂಪಾಗಿತ್ತು. ಅಕ್ಕನ ಗಂಡ ಇನ್ನೊಬ್ಬಳ ಜೊತೆ ಹೋಗಿ ಒಂಬತ್ತು ವರ್ಷವಾಗಿತ್ತು.

"ನಿಮ್ಮ ರೇಡಿಯೋದವರಿಗೆ ಬೆಳಬೆಳಿಗ್ಗೆ ಅಳಿಸೋದೇ ಕೆಲಸ ಕಣೇ. ಯಾವತ್ತೂ ಕೇಳೋ ಹಾಡೇ. ಇವತ್ತು ಆ ಉಸಿರು ಬಂದಾಗ, ಯಾರೋ ಪಕ್ಕದಲ್ಲಿ ಕೂತು ನನ್ನನ್ನೇ ನೋಡಿ ಉಸಿರು ಬಿಟ್ಟ ಹಾಗಾಯ್ತು." ಮೂಗು ಒರೆಸಿಕೊಂಡು ತಂಗಿಯ ಮುಖ ನೋಡಿದಳು. "ನಿನಗೇನಾಯ್ತೇ? ರಾತ್ರಿಯೆಲ್ಲ ಏನ್ ಮಾಡ್ತಿದ್ದೆ?"

ಆ ಉಸಿರು ತನ್ನದೆಂದು ಹೇಳಲು ಬಾಯಿ ತೆರೆದಳು. ಅಕ್ಕನ ಮುಖ ಅತ್ತು ಹಗುರಾಗಿತ್ತು.

"ಏನಿಲ್ಲಕ್ಕ, ಕೆಲಸ ಇತ್ತು," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಕ್ಕನಿಗಷ್ಟೇ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿಕೊಂಡಳು.